ಕಾಗುಣಿತದ ಕುಸ್ತಿಗೆ ಮುಲುಂಡ್‌ನಲ್ಲಿ ಅಖಾಡ

ಕೆಲವರ ಮನೆಗೆ ಕರೆಯದೇ ನೆಂಟರು ಬರುತ್ತಾರೆ, ನನ್ನ ಮನೆಗೆ ಕಾಗುಣಿತ ಬರುತ್ತದೆ. ವಡಾಲದ ಒಂದು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಟೀಚರ್ ಆಗಿದ್ದೆ. ರಿಟೈರ್ ಆದ ದಿನ ಕೆಂಪು ಪೆನ್ನನ್ನು ಸಹೋದ್ಯೋಗಿಯೊಬ್ಬರ ಕೈಗೆ ಕೊಟ್ಟು, ಇನ್ನು ಯಾರು ಲ-ಳ ಅದಲುಬದಲು ಮಾಡಿದರೂ ನನಗೆ ಸಂಬಂಧವಿಲ್ಲ ಎಂದು ಹಾರ್ಬರ್ ಲೈನ್ ಹಿಡಿದು, ಕುರ್ಲಾದಲ್ಲಿ ಗಾಡಿ ಬದಲಿಸಿ, ಮುಲುಂಡ್‌ನ ಮನೆಗೆ ಬಂದು ಕಾಲು ಚಾಚಿ ಕೂತೆ. ಹೆಚ್ಚು ದಿನ ಕೂರಲು ಆಗಲಿಲ್ಲ.

ಒಂದು ಕತ್ತೆಯ ವಿಷಯ

ನಮ್ಮ ಬಿಲ್ಡಿಂಗಿನ ಐದನೇ ಮಹಡಿಯ ಹುಡುಗಿ ಬಾಂದ್ರಾದ ಒಂದು ಆಫೀಸಿನಲ್ಲಿ ಚಿತ್ರ ಬರೆಯುವ ಕೆಲಸದಲ್ಲಿದ್ದಾಳೆ. ಹುಟ್ಟಿದ್ದು, ಬೆಳೆದದ್ದು ಎಲ್ಲ ಮುಂಬಯಿ. ಅವಳ ಅಪ್ಪ ಮೈಸೂರಿನವರು, ನಮ್ಮ ಸೊಸೈಟಿಯ ಕನ್ನಡ ಕೂಟದ ಅಧ್ಯಕ್ಷರು. ಅವರು ಭಾಷಣಕ್ಕೆ ನಿಂತರೆ ಒಂದು ಇಂಗ್ಲಿಷ್ ಪದ ಬರುವುದಿಲ್ಲ, ಮಗಳು ಮಾತಿಗೆ ನಿಂತರೆ ಎರಡು ಕನ್ನಡ ಪದ ಒಟ್ಟಿಗೆ ಬರುವುದಿಲ್ಲ.

ಒಂದು ಬೆಳಿಗ್ಗೆ ನನ್ನ ಮೊಬೈಲಿಗೆ ಅವಳ ಮೆಸೇಜು ಬಂತು. ಕನ್ನಡದಲ್ಲೇ ಬರೆದಿದ್ದಳು: "ಆಂಟಿ, ನಾನು ಒಂದು ಕತ್ತೆ ಬರೆಯುತ್ತಿದ್ದೇನೆ. ನನ್ನ ಕತ್ತೆಗೆ ನೀವು ಸಹಾಯ ಮಾಡಬೇಕು."

ಸಂಜೆ ಡ್ರಾಯಿಂಗ್ ಪುಸ್ತಕ ಹಿಡಿದು ಅವಳೇ ಬಂದಳು. ಅವಳದು ಚಿತ್ರಗಳಲ್ಲೇ ಹೇಳುವ ಕಾದಂಬರಿ. ಕತೆಯ ಊರಿನಲ್ಲಿ ಜನ ಜಗಳವಾಡುವುದಿಲ್ಲವಂತೆ. ಏನೇ ತಕರಾರು ಬಂದರೂ ಸ್ಪೆಲ್ಲಿಂಗ್ ಸ್ಪರ್ಧೆ ಇಟ್ಟು ತೀರ್ಮಾನ. ಓಡುವ ಲೋಕಲ್‌ನಲ್ಲಿ ಸ್ಪರ್ಧೆ, ನೀರಿನ ಟ್ಯಾಂಕಿನೊಳಗೆ ಕತ್ತಿನವರೆಗೆ ಮುಳುಗಿ ಸ್ಪರ್ಧೆ, ಜಾಯಿಂಟ್ ವೀಲಿನಲ್ಲಿ ತಲೆಕೆಳಗಾಗಿ ಸ್ಪರ್ಧೆ. ಗೆದ್ದವರು ಮುಂದಿನ ಸ್ಪರ್ಧೆಗಿರಲಿ, ಮನೆಗೂ ನಡೆದು ಹೋಗುವುದಿಲ್ಲ, ಜನರ ಹೆಗಲ ಮೇಲೆ ಹೋಗುತ್ತಾರೆ. ಪುಸ್ತಕದ ಹೆಸರು 'ಕಾಗುಣಿತದ ಕುಸ್ತಿ'.

"ಇಂಗ್ಲಿಷಿನಲ್ಲೇ ಮಾಡಬಹುದಿತ್ತಲ್ಲ?" ಎಂದೆ.

"ಮಾಡಬಹುದು ಆಂಟಿ. ಬಟ್ ಪಪ್ಪಾ ನನ್ನ ಒಂದು ಡ್ರಾಯಿಂಗ್ ಕೂಡ ನೋಡಿಲ್ಲ. ಬೊಂಬೆ ಪುಸ್ತಕ ಅಂತಾರೆ. ಕನ್ನಡದಲ್ಲಿ ಮಾಡಿದರೆ ಶಾಯದ್ ಓದ್ತಾರೆ." ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿದಳು. "ಪ್ರಾಬ್ಲಮ್ ಏನಂದ್ರೆ, ಕನ್ನಡ ನಂಗೆ ಸಮಜ್‌ತಾ ಹೈ, ಬರೆಯೋಕೆ ನಹೀ ಆತಾ."

ಅಪ್ಪ ಓದಲಿ ಎಂದು ಬಾರದ ಭಾಷೆಯಲ್ಲಿ ಪುಸ್ತಕ ಮಾಡುವವಳಿಗೆ ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. "ಆಗಲಮ್ಮ. ಕತ್ತೆಗಳನ್ನು ದಾರಿಗೆ ತರುವುದೇ ಮೂವತ್ತು ವರ್ಷ ನನ್ನ ಕೆಲಸ" ಎಂದೆ.

ಗುಡಿಸು

ಮೊದಲ ಪಾಠ ನಮ್ಮ ಹಾಲ್‌ನಲ್ಲಿ. ಇಂಗ್ಲಿಷಿನ ಹಾಗೆ ಎ, ಬಿ, ಸಿ ಎಂದು ಅಕ್ಷರ ಹೇಳಲು ಕನ್ನಡದಲ್ಲಿ ಆಗುವುದಿಲ್ಲ, ಹಾಗಾದರೆ ಸ್ಪರ್ಧಿ ಬಾಯಲ್ಲಿ ಏನು ಹೇಳಬೇಕು ಎಂಬುದು ಅವಳ ಪ್ರಶ್ನೆ. ನಾನು ಹಳೇ ಕ್ರಮದಲ್ಲಿ ಹೇಳಿಕೊಟ್ಟೆ. ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು. ಅಕ್ಷರಕ್ಕೆ ಬೀಳುವ ಗುರುತುಗಳಿಗೆ ಇವೇ ಹೆಸರು. ಗಿಳಿ ಎಂದರೆ ಗ ಗುಡಿಸು ಗಿ, ಳ ಗುಡಿಸು ಳಿ.

ಅವಳಿಗೆ ಖುಷಿಯೋ ಖುಷಿ. ಜೋರಾಗಿ ಶುರು ಮಾಡಿದಳು. "ಕಿವಿ! ಕ ಗುಡಿಸು! ವ ಗುಡಿಸು!" ನಾನೂ ಅಷ್ಟೇ ಜೋರಾಗಿ, "ಸಿಹಿ! ಸ ಗುಡಿಸು! ಹ ಗುಡಿಸು!" ಎಂದೆ. ಶಾಲೆಯ ಗಂಟಲು, ಅದಕ್ಕೆ ವಾಲ್ಯೂಮ್ ಕಡಿಮೆ ಮಾಡುವ ಗುಂಡಿ ಇಲ್ಲ.

ಒಳಗಿನ ಕೋಣೆಯಲ್ಲಿ ಕಸ ಗುಡಿಸುತ್ತಿದ್ದವಳು ವಿಜಯಪುರದ ಕಡೆಯ ಹೆಂಗಸು, ಹತ್ತು ವರ್ಷದಿಂದ ನಮ್ಮ ಮನೆಗೆ ಬರುವವಳು. ಮೊದಲ 'ಗುಡಿಸು'ವಿಗೆ ಮಂಚದ ಕೆಳಗೆ ಇನ್ನೊಮ್ಮೆ ಗುಡಿಸಿದಳಂತೆ. ಎರಡನೆಯದಕ್ಕೆ ಬೀರುವಿನ ಹಿಂದೆ. ನಾವು ಮಿಣಿಮಿಣಿ ಎಂಬ ಪದಕ್ಕೆ ಬಂದು ಒಂದೇ ಉಸಿರಿನಲ್ಲಿ ನಾಲ್ಕು ಸಲ 'ಗುಡಿಸು' ಎಂದಾಗ, ಕಸಬರಿಗೆ ಸಮೇತ ಬಾಗಿಲಲ್ಲಿ ಬಂದು ನಿಂತಳು.

"ಅಕ್ಕೋರ, ಹತ್ತ ವರ್ಷದಾಗ ಒಂದ ದಿನಾ ನೀವು ಹಿಂಗ ಒದರಿದವರಲ್ಲ. ಎಷ್ಟ ಸಲ ಗುಡಸ್ಲಿ? ನೆಲದಾಗಿನ ಫರಸಿ ಕಿತ್ತ ಬರಾಕತ್ತೈತಿ!"

ಹುಡುಗಿ ಬಿದ್ದೂ ಬಿದ್ದೂ ನಕ್ಕಳು. ನಾನು ಕೆಲಸದವಳನ್ನು ಕೂರಿಸಿ, ಚಹಾ ಕೊಟ್ಟು, ಇದು ನಿನಗೆ ಹೇಳಿದ್ದಲ್ಲ, ಅಕ್ಷರಕ್ಕೆ ಹೇಳಿದ್ದು ಎಂದು ಪೂರ್ತಿ ವಿವರಿಸಿದೆ. ಅವಳು ಶಾಲೆಗೆ ಹೋದವಳಲ್ಲ. ಗಂಭೀರವಾಗಿ ಕೇಳಿಸಿಕೊಂಡಳು. ಇಳಿ ಕೇಳಿದಳು, ಗುಡಿಸು ಕೇಳಿದಳು, ಕೊಂಬು ಕೇಳಿದಳು.

"ಎಲ್ಲಾ ಛಲೋ ಐತಿ ಬಿಡ್ರಿ" ಎಂದಳು ಕಪ್ಪು ಕೆಳಗಿಟ್ಟು. "ಖರೇ, ಅಷ್ಟೊಂದ ಗುಡಸೂ ಭಾಷಾದಾಗ ಒಂದರೆ ಸಲ ಒರಸೂದು ಬ್ಯಾಡೇನ್ರಿ?"

ಹುಡುಗಿ ಅಲ್ಲೇ ಪೆನ್ಸಿಲ್ ತೆಗೆದಳು. ಕಾದಂಬರಿಯ ನಾಯಕಿ ಅಲ್ಲಿಯವರೆಗೆ ಜೀನ್ಸ್ ಹಾಕಿದ ಕಾಲೇಜು ಹುಡುಗಿಯಾಗಿದ್ದಳು. ಅರ್ಧ ಗಂಟೆಯಲ್ಲಿ ಇಲಕಲ್ ಸೀರೆ ಉಟ್ಟು, ಕಚ್ಚೆ ಬಿಗಿದು, ಕಸಬರಿಗೆಯನ್ನು ಗದೆಯಂತೆ ಹೆಗಲಿಗೇರಿಸಿ ನಿಂತಳು. ನಮ್ಮವಳು ಚಿತ್ರವನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ ಒಂದೇ ತಿದ್ದುಪಡಿ ಸೂಚಿಸಿದಳು. "ಕಸಬರಿಗಿ ಉಲ್ಟಾ ಹಿಡದೀನಿ ನೋಡ್ರಿ ಇಲ್ಲಿ."

ಭಾಂಡುಪ್‌ನಲ್ಲಿ ಇಳಿದದ್ದು

ಲೋಕಲ್ ಟ್ರೈನಿನ ಸ್ಪರ್ಧೆಗೆ ನಿಯಮ ಹೀಗೆ: ಒಂದು ಸ್ಟೇಷನ್ ಬಿಟ್ಟ ಕೂಡಲೇ ಪದ ಕೊಡುವುದು, ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ಕಾಗುಣಿತ ಮುಗಿಸುವುದು. ಇದು ಆಗುತ್ತದೋ ಇಲ್ಲವೋ ನೋಡದೆ ಚಿತ್ರ ಬರೆಯಲಾರೆ ಎಂದು ಹುಡುಗಿ ಹಟ ಹಿಡಿದಳು. ಒಂದು ದಿನ ಹನ್ನೊಂದು ಗಂಟೆಯ ಸ್ಲೋ ಲೋಕಲ್ ಹತ್ತಿದೆವು. ಲೇಡೀಸ್ ಡಬ್ಬ, ಗದ್ದಲ ಕಡಿಮೆ. ಎದುರಿನ ಸೀಟಿನಲ್ಲಿ ಒಬ್ಬ ಅಜ್ಜಿ ಗಂಟೊಂದನ್ನು ತಬ್ಬಿಕೊಂಡು ಕೂತಿತ್ತು.

ನಾಹೂರ್ ಬಿಟ್ಟಿತು. "ಬಾದಾಮಿ!" ಎಂದೆ.

ಗಾಡಿಯ ಸದ್ದಿಗೆ ಮೇಲಾಗಿ ಹುಡುಗಿ ಕೂಗಿದಳು. "ಬ ಇಳಿ ಬಾ!" ನಡುವೆ ತಡವರಿಸಿದಳು, ಮತ್ತೆ ಮೊದಲಿನಿಂದ ಶುರು ಮಾಡಿದಳು. "ಬ ಇಳಿ, ಬಾ! ದ ಇಳಿ, ದಾ! ಇಳಿ, ಬಾ!"

ಭಾಂಡುಪ್ ಬಂತು. ಅಜ್ಜಿ ಗಂಟು ಎತ್ತಿಕೊಂಡು ಪ್ಲಾಟ್‌ಫಾರ್ಮಿಗೆ ಇಳಿಯಿತು. ಇಳಿದು, ಕಿಟಕಿಯಿಂದ ನಮ್ಮನ್ನು ನೋಡಿ, "ಬರ್ರಿ, ಇಳದೀನಿ" ಎಂದಿತು.

ಹುಡುಗಿಯ ಕೈ ಹಿಡಿದು ನಾನೂ ಹಾರಿದೆ. ಗಾಡಿ ಹೊರಟುಹೋಯಿತು. ವಿಚಾರಿಸಿದರೆ ಅಜ್ಜಿಯ ಊರೇ ಬಾದಾಮಿ. ಮುಂಬಯಿಗೆ ಬಂದು ನಾಲ್ಕು ದಿನ. ಕುರ್ಲಾದಲ್ಲಿ ಮಗಳು ಕಾಯುತ್ತಾಳೆ. 'ಯಾರರೆ ಕನ್ನಡ ಮಂದಿ ಸಿಕ್ಕರ ಅವರು ಹೇಳಿದಲ್ಲೆ ಇಳಿ' ಎಂದು ಅಳಿಯ ಹೇಳಿ ಗಾಡಿ ಹತ್ತಿಸಿದ್ದನಂತೆ.

"ನೀವು ನಮ್ಮೂರ ಹೆಸರ ಹಿಡದ ಕರದ್ರಿ. ಇಳಿ ಬಾ, ಇಳಿ ಬಾ ಅಂದ್ರಿ. ಅದಕ್ಕ ಇಳದೆ" ಎಂದಿತು ಅಜ್ಜಿ. ಆಮೇಲೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ನಾ ಏನೋ ನೀವು ಹೇಳಿದ್ದಕ್ಕ ಇಳದೆ. ನಿಮಗ ಯಾರ ಇಳಿ ಅಂದ್ರು?" ಎಂದಿತು.

ಅಜ್ಜಿಯನ್ನು ಕರೆದುಕೊಂಡು ಮುಂದಿನ ಗಾಡಿ ಹತ್ತಿದೆವು. ಕುರ್ಲಾದವರೆಗೂ ನಾನು ಅಕ್ಷರ ಪಾಠ, ಕಾಗುಣಿತ, ಸ್ಪರ್ಧೆ, ಪುಸ್ತಕ ಎಂದು ಅಜ್ಜಿಗೆ ಒಂದೊಂದಾಗಿ ಬಿಡಿಸಿ ಹೇಳಿದೆ. ಅಜ್ಜಿ ತಲೆಯಾಡಿಸುತ್ತಾ ಕೇಳಿತು. ಕುರ್ಲಾ ಬಂತು.

"ಅಜ್ಜಿ, ಬೇಗ ಇಳೀರಿ!"

ಅಜ್ಜಿ ಕೂತಲ್ಲಿಂದ ಅಲುಗಲಿಲ್ಲ. "ಈಗ ಅಂದಿದ್ದು ಪಾಠದ್ದೋ, ಖರೇದ್ದೋ?"

ಲಟಕನ್

ಪುಸ್ತಕ ಹೊರತರುವುದು ಬಾಂದ್ರಾದ ಅವಳ ಆಫೀಸೇ. ಅಲ್ಲಿನ ಎಡಿಟರ್‌ಗೆ ಕನ್ನಡ ಬಾರದು. ಅಕ್ಷರಗಳನ್ನು ಆತ ಚಿತ್ರದ ಹಾಗೆ ನೋಡುತ್ತಾನೆ. ಆ ದೃಷ್ಟಿಯಿಂದ ನಮ್ಮ ಅಕ್ಷರಗಳ ಮೇಲೆ ಬಹಳ ಪ್ರೀತಿ, ದುಂಡಗಿವೆ, ಕ್ಯೂಟ್ ಎನ್ನುತ್ತಿದ್ದನಂತೆ. ಆದರೆ ಒಂದು ದಿನ ಹುಡುಗಿ ನನಗೆ ಫೋನ್ ಮಾಡಿ ಅಳುವ ಧ್ವನಿಯಲ್ಲಿ, "ಆಂಟಿ, ಜಲ್ದಿ ಬನ್ನಿ" ಎಂದಳು. ಹೋದೆ.

ಮೇಜಿನ ಮೇಲೆ ನಲವತ್ತು ಪುಟ ಹರಡಿತ್ತು. ನಾನು ತಿದ್ದಿಕೊಟ್ಟ ಪುಟಗಳೇ. ಮಾತುಗಳೆಲ್ಲ ಗುಳ್ಳೆಗಳೊಳಗೆ ಅಚ್ಚುಕಟ್ಟಾಗಿ ಕೂತಿವೆ. ಓದಿದೆ. 'ಅಕ, ಅಣ ಹೊಟೆ ತುಂಬ ಅನ ತಿಂದ.' ಮುಂದಿನದು ಓದಿದೆ. 'ಅಮ ಬೆಲ ತಂದಳು, ಅಪ ತುಪ ತಂದ.' ಇಡೀ ಊರಿಗೆ ಊರೇ ಹಲ್ಲಿನ ಸೆಟ್ಟು ಮನೆಯಲ್ಲಿ ಮರೆತು ಬಂದ ಹಾಗಿತ್ತು.

"ಒತ್ತಕ್ಷರ ಎಲ್ಲಿ ಹೋದವು?" ಎಂದೆ.

ಎಡಿಟರ್ ಹೆಮ್ಮೆಯಿಂದ ಮುಂದೆ ಬಂದ. "ಮ್ಯಾಡಮ್, ಅಕ್ಷರ್ ಕೇ ನೀಚೇ ಜೋ ಲಟಕನ್ ಥೇ, ಸಬ್ ನಿಕಾಲ್ ದಿಯೇ. ಬಬಲ್ ಕೀ ಲೈನ್ ಕೋ ಟಚ್ ಕರ್ ರಹೇ ಥೇ. ಅಭೀ ಕಿತನಾ ಕ್ಲೀನ್ ಹೈ!"

ಅಕ್ಷರದ ಕೆಳಗೆ ನೇತಾಡುವುದೆಲ್ಲ ಅವನ ಲೆಕ್ಕದಲ್ಲಿ ಲಟಕನ್, ಅಂದರೆ ಜುಮುಕಿ. ನಾನು ಬಾಯಿ ಬಿಟ್ಟು ಪಾಠ ಶುರು ಮಾಡಿದೆ. ಅದು ಜುಮುಕಿಯಲ್ಲ, ಕಾಲು. ಕನ್ನಡ ಪದ ಅದರ ಮೇಲೆ ನಿಂತಿದೆ. ನಿನ್ನ ಪುಸ್ತಕದಲ್ಲಿ ಈಗ ಯಾವ ಪದವೂ ನಡೆಯುವ ಸ್ಥಿತಿಯಲ್ಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಇಪ್ಪತ್ತು ನಿಮಿಷ ಹೇಳಿದೆ. ಆಫೀಸಿನ ಅರ್ಧ ಮಂದಿ ಎದ್ದು ಬಂದು ಸುತ್ತ ನಿಂತು ಕೇಳಿದರು. ಕೊನೆಗೆ ಆತ ಎರಡೂ ಕೈ ಎತ್ತಿ, ಎಲ್ಲ ಒತ್ತುಗಳನ್ನು ವಾಪಸು ಹಾಕಿ, ಗುಳ್ಳೆಗಳನ್ನೇ ದೊಡ್ಡದು ಮಾಡುತ್ತೇನೆ ಎಂದು ಒಪ್ಪಿದ.

ಗೆದ್ದೆ ಎಂದು ಪುಟಗಳನ್ನು ಜೋಡಿಸಿಡುತ್ತಿದ್ದೆ. ಮೊದಲ ಪುಟ ಮಾತ್ರ ನಾನು ನೋಡಿರಲಿಲ್ಲ, ಹುಡುಗಿ ಒಬ್ಬಳೇ ಬರೆದದ್ದು. ಅಲ್ಲಿ ದೊಡ್ಡ ಅಕ್ಷರದಲ್ಲಿ, 'ಇದು ನನ್ನ ಊರಿನ ಕತ್ತೆ' ಎಂದಿದ್ದಳಂತೆ. ಎಡಿಟರ್‌ನ ರಬ್ಬರು ತಗುಲಿ, 'ಇದು ನನ ಊರಿನ ಕತೆ' ಎಂದಾಗಿತ್ತು. ನಲವತ್ತು ಪುಟಕ್ಕೆ ಸರಿಯಾಗಿದ್ದದ್ದು ಅದೊಂದೇ 'ಕತೆ'. ನಾನು ಎರಡು ತಿಂಗಳಿಂದ ಹೇಳಿ ಹೇಳಿ ಸೋತದ್ದನ್ನು ಕನ್ನಡ ಬಾರದವನು ಒಂದೇ ಉಜ್ಜಿಗೆ ಸರಿಮಾಡಿದ್ದ.

ಋಷಿಯ ಮನೆಯಲ್ಲಿ ಸಿಕ್ಕಿಬಿದ್ದದ್ದು

ಪುಸ್ತಕ ಹೊರಬಂತು. ಈಗ ಅಧ್ಯಕ್ಷರು ಮನೆಗೆ ಬಂದವರಿಗೆಲ್ಲ ಕಾಫಿಗೆ ಮೊದಲು ಅದನ್ನೇ ಕೊಡುತ್ತಾರೆ. ಆದರೆ ಅವರನ್ನು ಒಪ್ಪಿಸಿದ್ದು ನಾನೂ ಅಲ್ಲ, ಮಗಳೂ ಅಲ್ಲ, ನಮ್ಮ ಲಿಫ್ಟು.

ಪುಸ್ತಕ ಕನ್ನಡದಲ್ಲಿ ಬರುತ್ತದೆ ಎಂದು ಗೊತ್ತಾದಾಗ ಅವರಿಗೆ ಸಿಟ್ಟೇ ಬಂದಿತ್ತು. "ಕಾಗುಣಿತ ಬಾರದವಳು ಕಾಗುಣಿತದ ಮೇಲೆ ಪುಸ್ತಕ ಮಾಡುವುದೆಂದರೇನು? ನಾಲ್ಕು ಜನ ನನ್ನನ್ನು ಏನೆನ್ನುತ್ತಾರೆ?" ಎಂದರು. ಮಗಳು ಮೊದಲ ಸಲ ಎದುರು ನಿಂತಳು. "ಓಕೆ ಪಪ್ಪಾ. ನಮ್ಮಿಬ್ಬರ ನಡುವೆ ಸ್ಪರ್ಧೆ. ನಾನು ಗೆದ್ದರೆ ನೀವು ಓದಬೇಕು, ನೀವೇ ರಿಲೀಸ್ ಮಾಡಬೇಕು. ಸೋತರೆ ಕನ್ನಡದಲ್ಲಿ ಮಾಡಲ್ಲ."

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಏಳನೇ ಮಹಡಿಯ ಹಾಲ್‌ನಲ್ಲಿ ಎಂದು ನಿಶ್ಚಯವಾಯಿತು. ತೀರ್ಪುಗಾರ್ತಿ ನಾನು. ಇಡೀ ಕನ್ನಡ ಕೂಟ ಮೇಲೆ ಸೇರಿತ್ತು. ಅಧ್ಯಕ್ಷರು ಜರಿಪಂಚೆ, ಶಲ್ಯ. ಮಗಳ ಕೈಯಲ್ಲಿ ಡ್ರಾಯಿಂಗ್ ಪುಸ್ತಕ. ಅದನ್ನು ಎದೆಗೆ ಒತ್ತಿಕೊಂಡಿದ್ದ ರೀತಿ ನೋಡಿದರೆ ಅವಳಿಗೆ ರಾತ್ರಿ ನಿದ್ದೆ ಬಂದಿಲ್ಲವೆಂದು ಗೊತ್ತಾಗುತ್ತಿತ್ತು. ಗೇಟಿನಲ್ಲಿ ನಿಂತು ಬಂದವರನ್ನೆಲ್ಲ ಮೇಲೆ ಕಳಿಸಿ, ಕೊನೆಗೆ ನಾವು ಮೂವರೂ ಕೆಳಗಿನಿಂದ ಲಿಫ್ಟ್ ಹತ್ತಿದೆವು. ಮೂರನೇ ಮಹಡಿ ದಾಟಿ, ನಾಲ್ಕು ಮುಟ್ಟುವ ಮೊದಲು, ಲಿಫ್ಟು ಒಮ್ಮೆ ಕೆಮ್ಮಿ ನಿಂತುಬಿಟ್ಟಿತು.

ಗುಂಡಿಗಳನ್ನೆಲ್ಲ ಒತ್ತಿದೆವು. ವಾಚ್‌ಮನ್ ಚಹಾಕ್ಕೆ ಹೋಗಿದ್ದ. ಗೋಡೆಯ ಮೇಲೆ ಲಿಫ್ಟ್ ಕಂಪನಿಯ ಫೋನ್ ನಂಬರ್ ಅಂಟಿಸಿತ್ತು. ಅಧ್ಯಕ್ಷರು ಸ್ಪೀಕರ್ ಹಾಕಿ ಫೋನ್ ಮಾಡಿದರು. ಒಬ್ಬ ಹುಡುಗಿ ಹಿಂದಿಯಲ್ಲಿ ಸಿಹಿಯಾಗಿ ಕೇಳಿದಳು, "ಬಿಲ್ಡಿಂಗ್ ಕಾ ನಾಮ್, ಸರ್?"

ನಮ್ಮ ಬಿಲ್ಡಿಂಗಿನ ಹೆಸರು 'ಋಷ್ಯಶೃಂಗ'. ಇಪ್ಪತ್ತು ವರ್ಷದ ಹಿಂದೆ ಸೊಸೈಟಿಯ ಸೆಕ್ರೆಟರಿಯಾಗಿದ್ದಾಗ ಅಧ್ಯಕ್ಷರೇ ಹಟ ಹಿಡಿದು ಇಡಿಸಿದ ಹೆಸರು. ಮಳೆ ತರಿಸಿದ ಋಷಿಯ ಹೆಸರಿಟ್ಟರೆ ನೀರಿನ ತಾಪತ್ರಯ ಇರುವುದಿಲ್ಲ ಎಂಬುದು ಅವರ ವಾದವಾಗಿತ್ತು.

"ಋಷ್ಯಶೃಂಗ" ಎಂದರು ಗಂಭೀರವಾಗಿ.

"ಸ್ಪೆಲ್ಲಿಂಗ್ ಬೋಲಿಯೇ, ಸರ್."

"ಆರ್, ಐ..."

"ಆರ್, ಐ ಸೇ ಕುಛ್ ನಹೀ ಹೈ, ಸರ್."

"ಹಾಗಾದರೆ ಆರ್, ಯು." ಮರಾಠಿಯವರು ಋ ಅನ್ನು ರು ಎನ್ನುತ್ತಾರೆ, ಹಾಗೆ ಬರೆದಿರಬಹುದು ಎಂದು ನಮಗೆ ವಿವರಿಸಿದರು. ಅದೂ ಇರಲಿಲ್ಲ. ಎಸ್ ಹಾಕಿದರು, ಎಸ್‌ಎಚ್ ಹಾಕಿದರು, ವೈ ಸೇರಿಸಿದರು, ತೆಗೆದರು. ಹಣೆ ಬೆವರಿತು. ಶಲ್ಯ ಜಾರಿತು. ಕೊನೆಗೆ ತಾಳ್ಮೆ ತಪ್ಪಿ, "ಅಮ್ಮಾ ತಾಯಿ, ಅದು ಆರೂ ಅಲ್ಲ, ಐಯೂ ಅಲ್ಲ! ಋ ಸ್ವರ! ಷ ಕ್ಕೆ ಯ ಒತ್ತು! ಶ ಕ್ಕೆ ವಟ್ರಸುಳಿ!" ಎಂದು ಅಚ್ಚ ಕನ್ನಡದಲ್ಲಿ ಕೂಗಿದರು.

"ಸರ್, ವಟ್ರಸುಳಿ ಮೇ ಪಹಲಾ ಲೆಟರ್ ಕ್ಯಾ ಹೈ?" ಎಂದಳು ಆಕೆ.

ಮೇಲಿನಿಂದ ಯಾರೋ "ಸ್ಪರ್ಧೆ ಯಾವಾಗ?" ಎಂದು ಕೂಗಿದರು. "ಶುರುವಾಗಿದೆ!" ಎಂದು ನಾನು ಕೂಗಿದೆ.

ಹುಡುಗಿ ಅಪ್ಪನ ಕೈಯಿಂದ ಫೋನ್ ತೆಗೆದುಕೊಂಡಳು. "ಪಪ್ಪಾ, ನೀವು ಸರಿ ಸ್ಪೆಲ್ಲಿಂಗ್ ಹೇಳ್ತಾ ಇದ್ದೀರಿ. ಅದಕ್ಕೇ ಸಿಗ್ತಾ ಇಲ್ಲ" ಎಂದು, ಆಕೆಗೆ ಹಿಂದಿಯಲ್ಲಿ ಹೇಳಿದಳು. "ಮ್ಯಾಡಮ್, ಸರಿಯಾದದ್ದು ಬಿಡಿ, ತಪ್ಪಾಗಿ ಬರೆದದ್ದು ಹುಡುಕಿ. ಮುಲುಂಡ್‌ನಲ್ಲಿ ಶೃಂಗ ಅಂತ ಸ್ವಲ್ಪ ಕೇಳಿಸೋ ಹೆಸರು ಯಾವುದಾದರೂ ಇದೆಯಾ?"

ಕೀಬೋರ್ಡ್ ಕಟಕಟ ಎಂದಿತು. "ಏಕ್ ಹೈ ಮ್ಯಾಡಮ್. 'ರಷ್ಯನ್ ಶೃಂಗಾರ್'. ಯೇ ಬ್ಯೂಟಿ ಪಾರ್ಲರ್ ಹೈ ಕ್ಯಾ?"

"ಯಹ ನಾಮ್ ಕಿಸನೇ ಲಿಖವಾಯಾ?" ಎಂದು ಅಧ್ಯಕ್ಷರೇ ಮೆಲ್ಲಗೆ ಕೇಳಿದರು.

ಆಕೆ ಹಿಂದಿಯಲ್ಲೇ ಓದಿ ಹೇಳಿದಳು: "ಇಪ್ಪತ್ತು ವರ್ಷ ಹಳೇ ಎಂಟ್ರಿ, ಸರ್. ನೋಟ್ ಇದೆ. 'ಸೆಕ್ರೆಟರಿ ಸ್ವತಃ ಫೋನಿನಲ್ಲಿ ಸ್ಪೆಲ್ಲಿಂಗ್ ಹೇಳಿದರು, ಎರಡು ಸಲ.'"

ಅಧ್ಯಕ್ಷರು ಶಲ್ಯದಿಂದ ಮುಖ ಒರೆಸಿಕೊಂಡರು. ಮಗಳು ನಗಲಿಲ್ಲ. ಬಾಯಿ ಬಿಗಿಹಿಡಿದು ಡ್ರಾಯಿಂಗ್ ಪುಸ್ತಕ ತೆರೆದಿದ್ದಳು, ಪೆನ್ಸಿಲ್ ಆಗಲೇ ಓಡುತ್ತಿತ್ತು. ಅವರು ಬಗ್ಗಿ ನೋಡಿದರು. ಮಗಳ ಚಿತ್ರವೊಂದನ್ನು ಅವರು ನೋಡಿದ್ದು ಅದೇ ಮೊದಲು. ಪುಟದ ತುಂಬ ಜರಿಪಂಚೆಯ ಗಂಡಸೊಬ್ಬ, ಬಾಯಿಂದ ವಟ್ರಸುಳಿಗಳು ಬಾಣದ ಹಾಗೆ ಹಾರುತ್ತಿವೆ.

"ನನ್ನ ಮೂಗು ಇಷ್ಟು ದೊಡ್ಡದಾ?" ಎಂದರು. ಸ್ವಲ್ಪ ಹೊತ್ತಿಗೆ ಅವರ ಹೊಟ್ಟೆ ಕುಲುಕತೊಡಗಿತು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಸೋತೆ ಕಣೇ. ಓದ್ತೀನಿ. ಕೊಡು ಇಲ್ಲಿ." ನಿಂತಲ್ಲೇ ಮೊದಲ ಪುಟದಿಂದ ಓದಲು ಶುರು ಮಾಡಿದರು. ಹುಡುಗಿ ಲಿಫ್ಟಿನ ಗೋಡೆಗೆ ತಿರುಗಿ ಎರಡು ಸಲ ಮೂಗು ಎಳೆದುಕೊಂಡಳು.

ಮುಕ್ಕಾಲು ಗಂಟೆಯ ಮೇಲೆ ಮೆಕ್ಯಾನಿಕ್ ಬಂದು ನಾಲ್ಕನೇ ಮಹಡಿಯ ಬಾಗಿಲನ್ನು ಅರ್ಧ ಸರಿಸಿ, ಟಾರ್ಚ್ ಬಿಟ್ಟು ನಮ್ಮನ್ನು ನೋಡಿದ. ಕೈಯಲ್ಲಿದ್ದ ಚೀಟಿ ನೋಡಿದ. ಮತ್ತೆ ನಮ್ಮನ್ನು ನೋಡಿದ. ಅವನ ಮುಖದಲ್ಲಿ ನಿರಾಸೆ ಕಂಡಿತು.

"ರಷ್ಯನ್ ಮ್ಯಾಡಮ್ ಕೌನ್ ಹೈ?"

ಅರವತ್ತಮೂರು ವರ್ಷ, ತುರುಬು, ಕನ್ನಡಕ, ನೈಲಾನ್ ಸೀರೆ. ನಾನು ಅಲ್ಲ ಎನ್ನಲು ಬಾಯಿ ತೆರೆದೆ. ಅಧ್ಯಕ್ಷರು ಹಿಂದಿನಿಂದ ನನ್ನ ಬೆನ್ನಿಗೆ ಪುಸ್ತಕದ ಅಂಚಿನಿಂದ ತಿವಿದರು.

"ಟೀಚರ್, ದಮ್ಮಯ್ಯ, ನಾನೇ ಅಂದುಬಿಡಿ. ಇಲ್ಲದಿದ್ದರೆ ಇವನೂ ಸ್ಪೆಲ್ಲಿಂಗ್ ಕೇಳ್ತಾನೆ!"